ಗಾಡಿ ಎಷ್ಟು ಕೊಡ್ತೈತ್ರಿ?

ಹೈದರಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಇಬ್ಬರು ಗಂಡಸರು ಸೇರಿದರೆ, ಮೂರನೆಯ ಮಹಡಿ ಬರುವುದರೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಆರೋಗ್ಯದ ಪ್ರಶ್ನೆಯಲ್ಲ, ಹವಾಮಾನದ್ದೂ ಅಲ್ಲ. ತೆಲುಗಿನವರು "ಬಂಡಿ ಎಂತ ಇಸ್ತುಂದಿ?" ಎನ್ನುತ್ತಾರೆ, ಹಳೆಯ ಊರಿನವರು "ಗಾಡಿ ಕಿತ್ತಾ ದೇತಿ ಸಾಬ್?" ಎನ್ನುತ್ತಾರೆ, ನಮ್ಮ ಕಲಬುರಗಿ ಕಡೆಯವರು "ಗಾಡಿ ಎಷ್ಟು ಕೊಡ್ತೈತ್ರಿ?" ಎನ್ನುತ್ತಾರೆ. ಒಂದು ಲೀಟರಿಗೆ ಎಷ್ಟು ಕಿಲೋಮೀಟರು ಎಂಬ ಈ ಜಿಜ್ಞಾಸೆಗೆ ಭಾಷೆ ಮೂರಾದರೂ ಉತ್ತರದ ರೀತಿ ಒಂದೇ: ನಿಜವಾಗಿ ಎಷ್ಟು ಕೊಡುತ್ತದೆಯೋ ಅದಕ್ಕೆ ಎರಡು ಸೇರಿಸಿ ಹೇಳುವುದು. ಕೇಳಿದವನೂ ಮನಸ್ಸಿನೊಳಗೆ ಎರಡು ಕಳೆದುಕೊಳ್ಳುತ್ತಾನೆ, ಹೀಗಾಗಿ ಸತ್ಯಕ್ಕೆ ಹೆಚ್ಚಿನ ಹಾನಿಯಾಗುವುದಿಲ್ಲ. ಸರ್ಕಾರಿ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಡತಗಳ ನಡುವೆ ಸವೆದು ನಿವೃತ್ತನಾದ ನಾನು, ಅಲ್ಲಿ ಎಂದೂ ಒಂದು ಅಂಕಿಯನ್ನೂ ತಿದ್ದಿದವನಲ್ಲ. ಲಿಫ್ಟಿನಲ್ಲಿ ಮಾತ್ರ ಎರಡು ಸೇರಿಸಿಯೇ ಹೇಳುತ್ತಿದ್ದೆ.

ಇಂಧನ ಉಳಿಸುವುದು ನಮ್ಮ ಮನೆತನದಲ್ಲಿ ವ್ರತವಿದ್ದ ಹಾಗೆ. ನನ್ನ ಮೊದಲ ಸ್ಕೂಟರಿನ ದಿನಗಳಲ್ಲಿ ನೌಬತ್ ಪಹಾಡದ ಇಳಿಜಾರಿನ ನೆತ್ತಿಗೆ ಬಂದೊಡನೆ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡುತ್ತಿದ್ದೆ. ಹುಸೇನ್ ಸಾಗರದ ಗಾಳಿ ಮುಖಕ್ಕೆ ಬಡಿಯುವವರೆಗೆ ಗಾಡಿ ನಿಶ್ಶಬ್ದವಾಗಿ, ಪುಕ್ಕಟೆಯಾಗಿ, ದೇವರ ದಯದಿಂದ ಉರುಳುತ್ತಿತ್ತು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ವಿಮಲಾ ತೊಡೆಯ ಮೇಲೆ ಶಾಲೆಯ ಚೀಲ ಇಟ್ಟುಕೊಂಡು, ಒಂದು ಕೈಯಿಂದ ನನ್ನ ಭುಜವನ್ನು ಬಿಗಿಯಾಗಿ ಹಿಡಿದಿರುತ್ತಿದ್ದಳು. ಆ ಹಿಡಿತವನ್ನು ನಾನು ದಾಂಪತ್ಯದ ಮಾಧುರ್ಯವೆಂದು ಭಾವಿಸಿದ್ದೆ. ಪೆಟ್ರೋಲು ತೀರಿದಾಗ ಸ್ಕೂಟರನ್ನು ಎಡಕ್ಕೆ ಮಲಗಿಸಿ, ಅದರ ಹೊಟ್ಟೆಯ ಮೂಲೆಯಲ್ಲಿ ಉಳಿದ ಕೊನೆಯ ಗುಟುಕನ್ನು ಎಬ್ಬಿಸಿ ಮನೆ ಮುಟ್ಟಿದ ದಿನ ನನಗೆ ಊಟ ಎರಡು ತುತ್ತು ಜಾಸ್ತಿ ಸೇರುತ್ತಿತ್ತು.

ಕಾರು ಬಂದಾಗ ಹಳೆಯ ಚಾಳಿಯೂ ಜೊತೆಗೇ ಬಂದು ಮುಂದಿನ ಸೀಟಿನಲ್ಲಿ ಕುಳಿತಿತು. ಕಾರಿನಲ್ಲಿ ಚಲಿಸುವಾಗ ಕೀಲಿ ತೆಗೆದರೆ ಸ್ಟೀರಿಂಗ್ ಬಿಗಿದುಕೊಳ್ಳುತ್ತದೆ ಎಂದು ಗೊತ್ತಿದ್ದರಿಂದ ಅಷ್ಟಕ್ಕೆ ಕೈ ಹಾಕಲಿಲ್ಲ, ಗೇರನ್ನು ನ್ಯೂಟ್ರಲ್‌ಗೆ ತಳ್ಳಿ ಬಿಡುತ್ತಿದ್ದೆ. ಈ ಊರಿನಲ್ಲಂತೂ ಈಗ ಎತ್ತ ಹೋದರೂ ಫ್ಲೈಓವರು. ಏರುವಾಗ ಎಷ್ಟು ಕುಡಿಯುತ್ತದೋ ಕುಡಿಯಲಿ, ಇಳಿಯುವಾಗ ಏಕಾದಶಿ ಮಾಡಿಸೋಣ ಎಂಬುದು ನನ್ನ ಸಿದ್ಧಾಂತ. ಸ್ಟೀರಿಂಗಿನ ಹಿಂದೆ, ವೇಗದ ಮುಳ್ಳಿನ ಪಕ್ಕದಲ್ಲಿ, ಗಾಡಿ ಸರಾಸರಿ ಎಷ್ಟು ಕೊಡುತ್ತಿದೆ ಎಂದು ತೋರಿಸುವ ಒಂದು ಪುಟ್ಟ ಹೊಳೆಯುವ ಅಂಕಿ ಇರುತ್ತದಲ್ಲ, ಅದನ್ನು ನೋಡುತ್ತ ಓಡಿಸುವುದು ನನಗೆ ಜಪಮಾಲೆ ಎಣಿಸಿದಷ್ಟು ಹಿತವಾಗಿತ್ತು. ಹದಿನಾಲ್ಕು ಇದ್ದದ್ದು ಹದಿನಾಲ್ಕೂ ಒಂದು ದಶಮಾಂಶವಾದರೆ ಆ ದಿನ ಸಾರ್ಥಕ.

ಇನ್ನು ವಿಮಲಾಳ ವಿಷಯಕ್ಕೆ ಬರಬೇಕು, ಏಕೆಂದರೆ ಈ ಕಥೆಯ ಹೊರೆ ನಿಜವಾಗಿ ಅವಳ ಬೆನ್ನಿನ ಮೇಲಿದೆ. ಇಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಅವಳು ಮೂವತ್ತು ವರ್ಷ ಭೂಗೋಳ ಕಲಿಸಿದಳು. ದಖ್ಖಣದ ನದಿಗಳೆಂದರೆ ಅವಳಿಗೆ ತವರಿನ ಬಳಗವಿದ್ದಂತೆ. ನೀಲಿ ಸೀಮೆಸುಣ್ಣದಿಂದ ಕೃಷ್ಣೆಯನ್ನು ಎಳೆದು, ಬಡಗಣದಿಂದ ಭೀಮೆಯನ್ನು ತಂದು ಕೂಡಿಸಿ, "ಇಲ್ಲಿ ನೋಡ್ರಿ, ಕೃಷ್ಣಾ ತೆಲಂಗಾಣಕ್ಕ ಕಾಲಿಡೋದ್ರಾಗ ಭೀಮಾ ಬಂದು ಸೇರ್ತಾಳ" ಎಂದು ಎಷ್ಟು ತಲೆಮಾರಿನ ಮಕ್ಕಳಿಗೆ ಹೇಳಿದಳೋ ಲೆಕ್ಕವಿಲ್ಲ. ಆದರೆ ಆ ಸಂಗಮವನ್ನು ಅವಳು ಕಣ್ಣಾರೆ ಕಂಡವಳಲ್ಲ. ಹೈದರಾಬಾದಿನಿಂದ ಮೂರೂವರೆ ತಾಸಿನ ದಾರಿ. ಹೋಗೋಣ, ಬರುವ ರಜೆಗೆ ಹೋಗೋಣ, ಅಂತ ಅಂದು ಅಂದು ಅವಳ ನಿವೃತ್ತಿಯೇ ಬಂದಿತು. ನಿವೃತ್ತಿಯ ಬೆನ್ನಿಗೇ ಬೆನ್ನುನೋವು ಬಂದಿತು. ಬೆನ್ನೆಲುಬಿನ ಒಂದು ಬಿಲ್ಲೆ ಜಾಗ ಬಿಟ್ಟಿದೆಯಂತೆ. ಒಂದು ತಾಸಿಗಿಂತ ಹೆಚ್ಚು ಕೂರಬಾರದು, ಕೂತರೆ ಆಮೇಲೆ ಗಟ್ಟಿ ಹಲಗೆಯ ಮೇಲೆ ಕಾಲು ಚಾಚಿ ಮಲಗಬೇಕು, ಕುಕ್ಕರಗಾಲಿನಲ್ಲಿ ಕೂರುವುದಂತೂ ಆಗದ ಮಾತು ಎಂದು ಡಾಕ್ಟರು ಹೇಳಿದರು. ನಮ್ಮ ಹೆದ್ದಾರಿಯ ಬದಿಯಲ್ಲಿ ಹೆಂಗಸರಿಗೆ ಕಮೋಡು ಎಲ್ಲಿದೆ ಎಂದು ಹುಡುಕಿದವರಿಗೆ ಈ ಕೊನೆಯ ಮಾತಿನ ಅರ್ಥ ತಿಳಿಯುತ್ತದೆ. ಅವಳು ಯಾರನ್ನೂ ದೂರಲಿಲ್ಲ. ಶಾಲೆಯವರು ಬೀಳ್ಕೊಡುವಾಗ ಕೊಟ್ಟಿದ್ದ ಹಳೆಯ ದೊಡ್ಡ ನಕಾಶೆಯನ್ನು ಪಡಸಾಲೆಯ ಗೋಡೆಗೆ ತೂಗುಹಾಕಿಸಿ, ಮಲಗಿದಲ್ಲಿಂದಲೇ ಅದನ್ನು ನೋಡುತ್ತಿದ್ದಳು.

ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಆಗ ಸಿಕಂದರಾಬಾದಿನ ದಂಡಿನ ಬೀದಿಯಲ್ಲಿರುವ, ನನ್ನ ಬೆಳಗಿನ ವಾಕಿಂಗಿನ ಜೊತೆಗಾರರಾದ ನಿವೃತ್ತ ಕರ್ನಲ್ ಸಾಹೇಬರು ತಮ್ಮ ಕಂಪೌಂಡಿನ ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಟ್ರೇಲರನ್ನು ತೋರಿಸಿದರು. ಕಾರಿನ ಹಿಂದೆ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯುವ ಎರಡು ಗಾಲಿಯ ಪುಟ್ಟ ಮನೆ ಅದು. ಒಳಗೆ ಗಟ್ಟಿ ಹಲಗೆಯ ಮಂಚ, ಒಂದು ಒಲೆ, ಮೂಲೆಯಲ್ಲಿ, ಹಿಡಿಯಲು ಸರಳು ಇರುವ, ಸಾಕ್ಷಾತ್ ಕಮೋಡು. ವಿಮಲಾ ಒಳಗೆ ಹೋಗಿ ಹಲಗೆಯ ಮೇಲೆ ಮಲಗಿ, ಎದ್ದು, ಆ ಸರಳು ಹಿಡಿದು ನೋಡಿ ಹೊರಗೆ ಬಂದಾಗ ಅವಳ ಮುಖದಲ್ಲಿ ಇದ್ದದ್ದನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಅದನ್ನು ಅವರಿಂದ ಕೊಂಡೆವು. ಕಾಗದಪತ್ರ ನಮ್ಮ ಹೆಸರಿಗೆ ಬಂದವು, ಟ್ರೇಲರು ಮಾತ್ರ ಅದೇ ಬೇವಿನ ಕೆಳಗೆ ಉಳಿಯಿತು, ಯಾಕೆಂದರೆ ನಮ್ಮ ಅಪಾರ್ಟ್‌ಮೆಂಟಿನ ಕಮಿಟಿಗೆ ಅದು ವಾಹನವೋ ಕಟ್ಟಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ವಾಚ್‌ಮನ್ ಅದನ್ನು ಡಬ್ಬಾ ಎಂದು ಕರೆದ. ಆ ಹೆಸರೇ ನಿಂತಿತು.

ಡಬ್ಬಾ ಕಟ್ಟಿಕೊಂಡು ಹೊರವರ್ತುಲ ರಸ್ತೆಯಲ್ಲಿ ಒಂದು ಸುತ್ತು ಪರೀಕ್ಷೆಗೆಂದು ಹೋದೆ. ನಲವತ್ತು ಕಿಲೋಮೀಟರು ಹೋಗಿ ಅಂಕಿಯನ್ನು ನೋಡುತ್ತೇನೆ, ಎಂಟು. ಹದಿನಾಲ್ಕು ಕೊಡುತ್ತಿದ್ದ ಗಾಡಿ ಎಂಟಕ್ಕೆ ಇಳಿದಿತ್ತು. ಗಾಜು ಒರೆಸಿ ನೋಡಿದೆ, ಕನ್ನಡಕ ಒರೆಸಿ ನೋಡಿದೆ, ಎಂಟೇ. ಎರಡು ಸೇರಿಸಿ ಹೇಳಿದರೂ ಲಿಫ್ಟಿನಲ್ಲಿ ತಲೆ ಎತ್ತುವ ಹಾಗಿಲ್ಲ.

ಬಲ್ಲವರ ಹತ್ತಿರ ಹೋದೆ. ಹೋಗಬಾರದಿತ್ತು. ಕರ್ನಲ್ ಸಾಹೇಬರು ಹೇಳಿದರು: ಭಾರವನ್ನೆಲ್ಲ ಡಬ್ಬಾದ ಮುಂಭಾಗದಲ್ಲಿಡು, ಎಂಬತ್ತರಲ್ಲಿ ಒಂದೇ ಸಮನೆ ಹೋಗು, ಗಾಡಿಗೆ ಹುರುಪು ಬೇಕು. ನನ್ನ ಹಳೆಯ ಮೆಕ್ಯಾನಿಕ್ ಯೂಸುಫ್ ಭಾಯಿ, ಸ್ಕೂಟರಿನ ಕಾಲದಿಂದ ನನ್ನ ಕೃಪಣತನವನ್ನು ಬಲ್ಲವನು, ತಲೆ ಅಲ್ಲಾಡಿಸಿದ: ಎಂಬತ್ತು ನಕ್ಕೊ, ಅರವತ್ತು ದಾಟಬೇಡಿ, ಟಾಪ್ ಗೇರೂ ನಕ್ಕೊ, ನಾಲ್ಕರಲ್ಲೇ ಹೋಗಿ. ಮೇಲಿನ ಮನೆಯ ಶಶಾಂಕ, ಉಡುಪಿ ಕಡೆಯ ಹುಡುಗ, ಕೊಂಡಾಪುರದಲ್ಲಿ ಸಾಫ್ಟ್‌ವೇರ್ ಕೆಲಸ, ಲ್ಯಾಪ್‌ಟಾಪಿನಲ್ಲಿ ಏನೇನೋ ಓದಿ ಹೇಳಿದ: ಅಂಕಲ್, ತೊಂದರೆ ಗೇರಿನದ್ದಲ್ಲ, ಗಾಳಿಯದ್ದು, ಡಬ್ಬಾದ ಎದೆಗೆ ಬಡಿಯುವ ಗಾಳಿಯನ್ನು ತಳ್ಳುವುದಕ್ಕೇ ಡೀಸೆಲ್ ಖರ್ಚಾಗುತ್ತದೆ. ಕಿಟಕಿ ಮುಚ್ಚಿ ಏಸಿ ಹಾಕಿದರೆ ಒಳ್ಳೆಯದು ಎಂದು ಒಬ್ಬರು, ಏಸಿ ಆರಿಸಿ ಕಿಟಕಿ ತೆರೆಯಬೇಕು ಎಂದು ಇನ್ನೊಬ್ಬರು. ಟೈರಿಗೆ ಗಾಳಿ ಹೆಚ್ಚು ತುಂಬಿಸಿ, ಕಡಿಮೆ ತುಂಬಿಸಿ. ಮೂರು ದಿನ ನಾನು ಒಂದು ಪ್ರಶ್ನಪತ್ರಿಕೆ ಓದಿ ಇನ್ನೊಂದಕ್ಕೆ ಉತ್ತರ ಬರೆದವನಂತೆ ತಿರುಗಾಡಿದೆ. ಎಲ್ಲರ ಮಾತಿನ ನಡುವೆ ಯೂಸುಫ್ ಭಾಯಿ, ಕೈ ಒರೆಸಿಕೊಳ್ಳುತ್ತ, ಕೊನೆಗೊಂದು ಮಾತು ಹೇಳಿದ್ದ: "ಸಾಬ್, ಪೀಛೇ ಕಾ ಡಬ್ಬಾ ಆಪ್ಕಾ ಸುನ್ತಾ ನೈ. ಉತಾರ್ ಪೆ ಗೇರ್ ನಿಕಾಲ್‌ನಾ ನಕ್ಕೊ." ಹಿಂದಿನ ಡಬ್ಬಾ ನಿಮ್ಮ ಮಾತು ಕೇಳುವುದಿಲ್ಲ, ಇಳಿಜಾರಿನಲ್ಲಿ ಗೇರು ತೆಗೆಯಬೇಡಿ ಎಂದು. ಹತ್ತು ಸಲಹೆಗಳಲ್ಲಿ ನಾನು ಮೊದಲು ಮರೆತದ್ದು ಅದನ್ನೇ. ಮರೆತೆ ಎನ್ನುವುದೂ ಎರಡು ಸೇರಿಸಿ ಹೇಳಿದ ಮಾತು, ನಿಜವೆಂದರೆ ಅದು ನನಗೆ ಅನ್ವಯಿಸುವುದಿಲ್ಲ ಎಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೊರಟೆವು. ಎರಡು ದಿನದ ಪ್ರಯಾಣಕ್ಕೆ ನಮ್ಮವರು ಎಷ್ಟು ಸಾಮಾನು ಕಟ್ಟುತ್ತಾರೆ ಎಂಬುದು ನಿಮಗೂ ಗೊತ್ತಿರಬಹುದು. ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಹಿಟ್ಟು, ಬೇಳೆ, ಕುಕ್ಕರು, ಹೊರಗಿನ ನೀರು ಕುಡಿದರೆ ಗಂಟಲು ಕೆಡುತ್ತದೆಂದು ಇಪ್ಪತ್ತು ಲೀಟರಿನ ನೀರಿನ ಕ್ಯಾನು ಎರಡು. ಕರ್ನಲ್ ಸಾಹೇಬರು ಹೇಳಿದ್ದನ್ನೂ ಬದಿಗಿಟ್ಟು ಎಲ್ಲವನ್ನೂ ಹಿಂಭಾಗದಲ್ಲಿ ಪೇರಿಸಿದೆ, ಬಾಗಿಲು ಅಲ್ಲೇ ಹತ್ತಿರವಿತ್ತು. ಓಡುವ ಡಬ್ಬಾದೊಳಗೆ ಯಾರೂ ಇರುವಂತಿಲ್ಲವಾದ್ದರಿಂದ ವಿಮಲಾ ಕಾರಿನಲ್ಲಿ ನನ್ನ ಪಕ್ಕ ಕೂತಳು. ತಾಸಿಗೊಮ್ಮೆ ನಿಲ್ಲಿಸಬೇಕು, ಅವಳು ಹಿಂದೆ ಹೋಗಿ ಕಾಲು ಗಂಟೆ ಮಲಗಬೇಕು, ಮತ್ತೆ ಹೊರಡಬೇಕು ಎಂದು ಏರ್ಪಾಟು.

ಶಾದನಗರ ದಾಟಿದ ಮೇಲೆ ಒಂದು ಇಳಿಜಾರು ಬಂತು. ಬರೀ ಕಾರಿನಲ್ಲಿ ಹೋದರೆ ಅದು ಇಳಿಜಾರೆಂದು ಗೊತ್ತೂ ಆಗದು, ನನ್ನ ಕೈಗೆ ಮಾತ್ರ ಗೊತ್ತಾಯಿತು. ನಲವತ್ತು ವರ್ಷದ ಅಭ್ಯಾಸದಲ್ಲಿ ಅದು ತಾನೇ ಹೋಗಿ ಗೇರನ್ನು ನ್ಯೂಟ್ರಲ್‌ಗೆ ತಳ್ಳಿತು. ವಿಮಲಾ ಆಗ ಭೀಮೆಯ ಉಗಮದಿಂದ ಶುರುಮಾಡಿ ಪಂಢರಾಪುರದವರೆಗೆ ಬಂದಿದ್ದಳು. ನಾನು ಹೂಂಗುಟ್ಟುತ್ತ ಅಂಕಿಯನ್ನು ನೋಡುತ್ತಿದ್ದೆ. ಎಂಟೂ ಒಂದು, ಎಂಟೂ ಎರಡು. ಅಂಕಿ ಏರಿದಂತೆ ಗಾಡಿಯ ವೇಗವೂ ಏರುತ್ತಿದೆ ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಆಗ ಪಕ್ಕದಲ್ಲೇ ಒಂದು ಲಾರಿ ಭರ್ರೆಂದು ಮುಂದೆ ಹೋಯಿತು. ಅದರ ಗಾಳಿಗೆ ಡಬ್ಬಾ ಒಮ್ಮೆ ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ, ಆಮೇಲೆ ನಮ್ಮ ಕಾರಿನ ಬಾಲವನ್ನೇ ಹಿಡಿದು ಅತ್ತಿತ್ತ ಜಗ್ಗತೊಡಗಿತು.

"ಏನ್ರಿ, ಗಾಡಿ ಯಾಕ ಹಿಂಗ ಹೊಯ್ದಾಡಾಕತ್ತೈತಿ?" ಎಂದಳು ವಿಮಲಾ.

ನಾನು ಬ್ರೇಕು ಒತ್ತಿದೆ. ಅದರಿಂದ ಇನ್ನೂ ಕೆಟ್ಟಿತು. ಹಿಂದಿನ ಗಾಡಿಗಳ ಹಾರನ್ನು, ಡಬ್ಬಾದೊಳಗೆ ಉರುಳುವ ಕುಕ್ಕರಿನ ಸದ್ದು, ಎಲ್ಲ ಕೂಡಿ ನನ್ನ ಬುದ್ಧಿ ನಿಂತೇ ಹೋಯಿತು. ಕೊನೆಗೆ ಬ್ರೇಕು ಬಿಟ್ಟು, ಹೇಗೋ ತಡಕಾಡಿ ಗೇರು ಹಾಕಿದೆ. ಎಂಜಿನ್ ಒಮ್ಮೆ ಗುಡುಗಿ, ಕಾರನ್ನು ಯಾರೋ ತಡೆದು ಹಿಡಿದ ಹಾಗಾಗಿ, ಡಬ್ಬಾದ ಓಲಾಟ ನಿಧಾನವಾಗಿ ಇಳಿಯಿತು. ಒಂದು ಹುಣಿಸೆ ಮರದ ಹತ್ತಿರ ಗಾಡಿ ನಿಂತಿತು. ವಿಮಲಾ ಸೊಂಟ ಹಿಡಿದುಕೊಂಡು ಇಳಿದು, ಮರಕ್ಕೆ ಕೈ ಕೊಟ್ಟು ನಿಂತಳು. ನೋವಿಗೆ ಅವಳ ತುಟಿ ಬಿಳಿಚಿಕೊಂಡಿತ್ತು.

"ಗಾಡಿ ಗೇರಿನಾಗ ಇದ್ದಿದ್ದಿಲ್ಲ, ಹೌದಿಲ್ರಿ?" ಎಂದಳು. ನಾನು ಬಗ್ಗಿ ಡಬ್ಬಾದ ಕೊಂಡಿಯನ್ನು ನೋಡತೊಡಗಿದೆ.

"ನೌಬತ್ ಪಹಾಡದ ಮ್ಯಾಲಿಂದ ನೀವು ಸ್ಕೂಟರ್ ಬಂದ್ ಮಾಡಿ ಬಿಡ್ತಿದ್ರಲ್ಲ, ಆವಾಗೂ ನನಗ ಭಾಳ ಹೆದರಿಕಿ ಆಗ್ತಿತ್ತು. ಹೇಳಿದ್ದಿಲ್ಲ ಅಷ್ಟ."

ಅಂದರೆ ಆ ಭುಜದ ಮೇಲಿನ ಹಿಡಿತ! ನಾನು ಇಷ್ಟು ವರ್ಷ ಮಾಧುರ್ಯವೆಂದು ಜೋಪಾನ ಮಾಡಿಟ್ಟುಕೊಂಡಿದ್ದದ್ದು ಬರೀ ಜೀವಭಯವಾಗಿತ್ತು. ಒಂದು ಗುಟುಕು ಪೆಟ್ರೋಲಿಗಾಗಿ ದಿನಾ ಬೆಳಿಗ್ಗೆ ಅವಳನ್ನು ಹೆದರಿಸುತ್ತ ಶಾಲೆಗೆ ಮುಟ್ಟಿಸುತ್ತಿದ್ದೆ. ನನಗೆ ನಾಚಿಕೆಯಾಯಿತು. ಅವಳು ಹಲಗೆಯ ಮೇಲೆ ಒಂದು ತಾಸು ಮಲಗಿ ಎದ್ದು, "ಮನಿಗೆ ಹೋಗೋಣ್ರಿ" ಎಂದಳು. ಸಂಗಮ ಇನ್ನು ಎರಡು ತಾಸಿನ ದಾರಿಯಿತ್ತು. ನಾನು ಗಾಡಿ ತಿರುಗಿಸಿದೆ.

ಮರುದಿನ ನೋಡುತ್ತೇನೆ, ಪಡಸಾಲೆಯ ಗೋಡೆ ಬರಿದು. ನಕಾಶೆಯನ್ನು ಸುತ್ತಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ, ಕೆಲಸದವಳ ಕೈಯಿಂದ ಅಟ್ಟಕ್ಕೆ ಹಾಕಿಸಿದ್ದಳು. ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳು ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ, ಚಹಾ ಕೊಟ್ಟಳು, ಔಷಧಿ ತೆಗೆದುಕೊಂಡಳು, ಮಲಗಿದಲ್ಲಿಂದ ಬರಿಗೋಡೆಯನ್ನು ನೋಡಿದಳು. ಇನ್ನೊಮ್ಮೆ ಕರೆದರೆ ಬರುವಳೋ ಇಲ್ಲವೋ, ಬರದಿದ್ದರೆ ಅವಳ ಜನ್ಮದ ಆಸೆಯೊಂದು ನನ್ನ ಒಂದು ದಶಮಾಂಶಕ್ಕಾಗಿ ಅಟ್ಟ ಸೇರಿದ ಹಾಗಾಯಿತಲ್ಲ ಎಂಬುದು ನನ್ನನ್ನು ಒಳಗೊಳಗೇ ತಿನ್ನತೊಡಗಿತು.

ಇದರ ಮೇಲೆ ಶಶಾಂಕ ಬಂದು ಇನ್ನೊಂದು ಕಲ್ಲು ಎಸೆದ. ನಡೆದದ್ದನ್ನೆಲ್ಲ ಕೇಳಿ, "ಅಂಕಲ್, ಈಗಿನ ಕಾರಲ್ಲಿ ಗೇರಲ್ಲಿಟ್ಟು ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಎಂಜಿನಿಗೆ ಡೀಸೆಲ್ ಹೋಗುದೇ ಇಲ್ಲ. ಗಾಲಿಯೇ ಎಂಜಿನನ್ನು ತಿರುಗಿಸ್ತದೆ. ನ್ಯೂಟ್ರಲ್ ಮಾಡಿದ್ರೆ ಎಂಜಿನ್ ಆರದ ಹಾಗೆ ಸ್ವಲ್ಪ ಸ್ವಲ್ಪ ಕುಡೀತಾ ಇರ್ತದೆ ಮಾರಾಯ್ರೆ" ಎಂದ. ನಾನು ನಂಬಲಿಲ್ಲ. ಯೂಸುಫ್ ಭಾಯಿಯನ್ನು ಕೇಳಿದೆ, ಹೌ ಸಾಬ್, ಹಂಗೇ ಎಂದ. ಹಾಗಾದರೆ ಕಾರು ಕೊಂಡಂದಿನಿಂದ ಫ್ಲೈಓವರು ಫ್ಲೈಓವರಿನಲ್ಲೂ ನಾನು ಮಾಡಿಸಿದ ಏಕಾದಶಿಯಲ್ಲಿ ಎಂಜಿನ್ ಕದ್ದು ಫಲಾಹಾರ ಮಾಡುತ್ತಿತ್ತೇ? ನ್ಯೂಟ್ರಲ್‌ನಲ್ಲಿ ಅಂಕಿ ಏರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನಲ್ಲ? ಗೇರಿನಲ್ಲಿಟ್ಟಿದ್ದರೂ ಏರುತ್ತಿತ್ತು, ಇನ್ನೂ ಚೆನ್ನಾಗಿ ಏರುತ್ತಿತ್ತು, ನೀವು ನೋಡಲಿಲ್ಲ ಅಷ್ಟೆ ಎಂದ ಶಶಾಂಕ. ಸ್ಕೂಟರಿನಲ್ಲಿ ಸರಿಯಾಗಿದ್ದದ್ದು ಕಾರಿನಲ್ಲಿ ತಪ್ಪು, ಕಾರಿನಲ್ಲಿ ತಪ್ಪಾಗಿದ್ದದ್ದು ಡಬ್ಬಾ ಕಟ್ಟಿದಾಗ ಅಪಾಯ, ಮತ್ತು ಸ್ಕೂಟರಿನಲ್ಲಿ ಸರಿ ಎಂದುಕೊಂಡದ್ದೂ ಹಿಂದೆ ಕೂತವಳ ಪಾಲಿಗೆ ಸರಿಯಾಗಿರಲಿಲ್ಲ. ನಾನು ಏನು ಉಳಿಸಿದೆ, ಯಾರಿಂದ ಉಳಿಸಿದೆ ಎಂಬುದೇ ಅರ್ಥವಾಗದೆ ಎರಡು ದಿನ ಕಾರನ್ನು ಮುಟ್ಟದೆ ಮೆಟ್ರೋದಲ್ಲಿ ತಿರುಗಾಡಿದೆ.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಅಟ್ಟದಿಂದ ನಕಾಶೆಯನ್ನು ನಾನೇ ಇಳಿಸಿ ಅವಳ ಮಂಚದ ಪಕ್ಕ ಇಟ್ಟು, ಕೂತುಕೊಂಡೆ. ಭಾಷಣ ತಯಾರಿಸಿಕೊಂಡಿದ್ದೆ, ಬಾಯಿಗೆ ಬರಲಿಲ್ಲ. "ಇನ್ನೊಮ್ಮೆ ಹೋಗೋಣೇನು? ನೀ ಹ್ಯಾಂಗ ಹೇಳ್ತಿ ಹಂಗ ಓಡಿಸ್ತೀನಿ" ಎಂದೆ, ಅಷ್ಟೆ.

ಅವಳು ನಕಾಶೆಗೆ ಕಟ್ಟಿದ್ದ ಸೀರೆಯ ತುಂಡಿನ ಗಂಟನ್ನು ಬಿಚ್ಚಿದಳು. ಆಮೇಲೆ, "ನ್ಯೂಟ್ರಲ್ ಮಾಡಂಗಿಲ್ಲ" ಎಂದಳು.

"ಇಲ್ಲ."

"ಆ ಅಂಕಿ ನೋಡಂಗಿಲ್ಲ."

"ಅದು ಎದುರಿಗೇ ಇರ್ತೈತಲ್ಲ, ಕಣ್ಣು ಹೋಗ್ತೈತಿ."

ಅವಳು ಎದ್ದು, ಗೋಡೆ ಹಿಡಿದುಕೊಂಡು ಕನ್ನಡಿಯವರೆಗೆ ಹೋದಳು. ನಮ್ಮ ಮನೆಯ ಕನ್ನಡಿಯ ಅಂಚಿಗೆ ಹಣೆಗಿಡುವ ಟಿಕಳಿಗಳು ಸಾಲಾಗಿ ಅಂಟಿಕೊಂಡಿರುತ್ತವೆ, ನಿತ್ಯದ ಚಿಕ್ಕವು, ಮದುವೆ-ಮುಂಜಿವೆಯಂಥ ದಿನಗಳ ದೊಡ್ಡವು. ದೊಡ್ಡದೊಂದು ಕೆಂಪು ಟಿಕಳಿಯನ್ನು ಬಿಡಿಸಿ ತಂದಳು, ನಾನು ಕಾರಿನ ಕೀಲಿ ತಂದೆ, ಇಬ್ಬರೂ ಕೆಳಗಿಳಿದೆವು. ಹೊಳೆಯುವ ಅಂಕಿಯ ಮೇಲೆ ಸರಿಯಾಗಿ ಅದನ್ನು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. ವೇಗದ ಮುಳ್ಳು, ಡೀಸೆಲಿನ ಮುಳ್ಳು ಎಲ್ಲ ಕಾಣುತ್ತಿದ್ದವು. ನನಗೆ ಬೇಕಾದದ್ದು ಮಾತ್ರ ಮುಚ್ಚಿತ್ತು.

ಈ ಸಲ ನೀರಿನ ಕ್ಯಾನು ಒಂದೇ, ಅದೂ ಮುಂಭಾಗದಲ್ಲಿ. ಐವತ್ತೈದರ ಆಚೆ ಮುಳ್ಳು ಹೋಗದಂತೆ ನಾಲ್ಕನೆಯ ಗೇರಿನಲ್ಲಿ ಹೊರಟೆ. ಮೊದಲ ಅರ್ಧ ತಾಸು ನನ್ನ ಕಣ್ಣು ನಿಮಿಷಕ್ಕೊಮ್ಮೆ ಆ ಕೆಂಪು ಚುಕ್ಕೆಗೆ ಹೋಗಿ ಬಡಿದು ವಾಪಸು ಬರುತ್ತಿತ್ತು. ಆಮೇಲೆ ಬೇರೆ ಕೆಲಸವಿಲ್ಲದೆ ರಸ್ತೆಯನ್ನೇ ನೋಡತೊಡಗಿತು. ರಸ್ತೆಯಲ್ಲಿ ಇಷ್ಟೆಲ್ಲ ಇದೆ ಎಂದು ನನಗೆ ಗೊತ್ತಿರಲಿಲ್ಲ: ಎಲ್ಲಿ ತೇಪೆ ಹಾಕಿದ್ದಾರೆ, ಎಲ್ಲಿ ಉಬ್ಬಿದೆ, ಯಾವ ಕುಣಿಗೆ ವಿಮಲಾ ಉಸಿರು ಬಿಗಿಹಿಡಿಯುತ್ತಾಳೆ, ಯಾವುದಕ್ಕೆ ಹಿಡಿಯುವುದಿಲ್ಲ. ಕುಣಿ ಬರುವ ಮೊದಲೇ ಕಾಲು ಸಡಿಲಿಸಿದರೆ ಬ್ರೇಕೇ ಬೇಕಾಗುವುದಿಲ್ಲ. ಲಾರಿ ಬಂದರೆ ಸ್ಟೀರಿಂಗು ಗಟ್ಟಿ ಹಿಡಿದು, ಅದು ಹೋಗಲಿ ಪುಣ್ಯಾತ್ಮ ಎಂದು ದಾರಿ ಬಿಟ್ಟೆ. ಹಿಂದಿನವರು ಹಾರನ್ನು ಹೊಡೆದರು, ಒಬ್ಬ ಪಕ್ಕಕ್ಕೆ ಬಂದು ತೆಲುಗಿನಲ್ಲಿ ನನ್ನ ವಯಸ್ಸಿನ ಬಗ್ಗೆ ಏನೋ ಹೇಳಿ ಹೋದ. ಅದೇ ಇಳಿಜಾರು ಬಂದಾಗ ನನ್ನ ಎಡಗೈ ಗೇರಿನ ಕಡೆ ಒಂದಿಷ್ಟು ಸರಿಯಿತು. ಅದರ ಮೇಲೆ ವಿಮಲಾ ತನ್ನ ಕೈ ಇಟ್ಟಳು. ಇದು ಮಾಧುರ್ಯವೋ ಭಯವೋ ಎಂದು ನಾನು ಈ ಸಲ ನಿರ್ಧರಿಸಲು ಹೋಗಲಿಲ್ಲ. ನಾಲ್ಕು ಕಡೆ ನಿಂತೆವು, ನಾಲ್ಕು ಸಲ ಅವಳು ಮಲಗಿ ಎದ್ದಳು. ಮೂರೂವರೆ ತಾಸಿನ ದಾರಿಗೆ ಆರು ತಾಸು ಹಿಡಿಯಿತು.

ಮಕ್ತಲ್ ದಾಟಿ, ಹಳ್ಳಿಯ ಅಂಚಿನ ಬಯಲಿನಲ್ಲಿ ಡಬ್ಬಾ ನಿಲ್ಲಿಸಿ, ನನ್ನ ತೋಳು ಹಿಡಿದುಕೊಂಡು ಅವಳು ದಂಡೆಯವರೆಗೆ ನಡೆದಳು. ಮುಂದೆ ಅಗಲವಾಗಿ ನೀರು, ನಡುನಡುವೆ ಕಲ್ಲಿನ ಹಾಸು, ಮರಳಿನ ದಿಬ್ಬ, ಅದರಾಚೆ ಮತ್ತೆ ನೀರು. ಅವಳು ಶಾಲೆಯ ಕರಿಹಲಗೆಯ ಮೇಲೆ ಎಳೆಯುತ್ತಿದ್ದಂತೆ ಎರಡು ಗೆರೆ ಕೂಡಿ ಒಂದಾಗುವುದು ಎಲ್ಲಿಯೂ ಕಾಣಲಿಲ್ಲ. ಅತ್ತ ನೋಡಿದಳು, ಇತ್ತ ನೋಡಿದಳು. "ಭೀಮಾ ಯಾವುದ್ರಿ ಇದರಾಗ?" ಎಂದು ನನ್ನನ್ನೇ ಕೇಳಿದಳು, ಮೂವತ್ತು ವರ್ಷ ಕಲಿಸಿದವಳು. ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಬಲಕ್ಕೆ ಕೈ ತೋರಿಸಿದಳು. ಅವಳ ಜೊತೆಗಾರ್ತಿ, ಅಲ್ಲಲ್ಲ, ಅದು ಕೃಷ್ಣಾ, ಎಂದು ಎಡಕ್ಕೆ ತೋರಿಸಿದಳು. ಇಬ್ಬರಿಗೂ ಜಗಳವೇ ಹತ್ತಿತು. ವಿಮಲಾ ನಗತೊಡಗಿದಳು. ಬೆನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಆ ನೀರು ನಗೆಯದ್ದಲ್ಲವೆಂದು ನನಗೆ ತಿಳಿಯಿತು. ಮುಖ ತೊಳೆದುಕೊಂಡು, ಅರಿಷಿಣ-ಕುಂಕುಮ ಮರೆತೆ ಎಂದು ಅವಳೇ ನಿಧಾನವಾಗಿ ಕಾರಿನವರೆಗೆ ಹೋಗಿ ಬಂದಳು. ಹೊಳೆಗೆ ಅರಿಷಿಣ ಕುಂಕುಮ ಏರಿಸಿ, ಒಂದು ಚೂರು ರೊಟ್ಟಿಯನ್ನು ಮೀನಿಗೆ ಹಾಕಿ, ಯಾವುದಕ್ಕೆ ಸೇರಬೇಕೋ ಅದಕ್ಕೆ ಸೇರಲಿ ಎಂದಳು.

ಆ ದಿನ ಅಲ್ಲೇ ಉಳಿದು, ಮರುದಿನ ಅದೇ ನಡಿಗೆಯಲ್ಲಿ ಹಿಂದಿರುಗಿದೆವು. ಬೇವಿನ ಕೆಳಗೆ ಡಬ್ಬಾ ಬಿಚ್ಚಿ, ಅಪಾರ್ಟ್‌ಮೆಂಟಿಗೆ ಬಂದು, ರೊಟ್ಟಿಯ ಡಬ್ಬಿ ಹಿಡಿದುಕೊಂಡು ಲಿಫ್ಟು ಹತ್ತಿದೆವು. ಬಾಗಿಲು ಮುಚ್ಚುವಷ್ಟರಲ್ಲಿ ಶಶಾಂಕ ಓಡಿ ಬಂದು ಒಳಸೇರಿದ.

"ಅಂಕಲ್, ಎಷ್ಟು ಕೊಡ್ತು?"

ನಾನು ಬಾಯಿ ತೆರೆದೆ. ಎರಡು ಸೇರಿಸುವುದಕ್ಕಾದರೂ ಮೊದಲು ಒಂದು ಅಂಕಿ ಬೇಕಲ್ಲ, ಅದೇ ನನ್ನ ಹತ್ತಿರ ಇರಲಿಲ್ಲ. ಟಿಕಳಿ ಬಿಡಿಸಿ ನೋಡಬೇಕೆಂದು ಇಳಿಯುವಾಗ ನೆನಪೂ ಆಗಿರಲಿಲ್ಲ.

"ಹತ್ತೂವರಿ" ಎಂದಳು ವಿಮಲಾ.

ತಿರುಗಿ ನೋಡಿದೆ. ಅವಳ ಹಣೆಯ ಮೇಲೆ ಆ ದೊಡ್ಡ ಕೆಂಪು ಟಿಕಳಿ ಇತ್ತು. ಹೊಳೆಯಲ್ಲಿ ಮುಖ ತೊಳೆದಾಗ ಅವಳದು ಹರಿದುಹೋಗಿತ್ತಂತೆ, ಬರಿಹಣೆಯಲ್ಲಿ ಅರಿಷಿಣ ಕುಂಕುಮ ಏರಿಸುವುದು ಹೇಗೆಂದು ಕಾರಿನಿಂದ ಇದನ್ನು ಬಿಡಿಸಿ ಇಟ್ಟುಕೊಂಡಿದ್ದಳಂತೆ. ಅಂದರೆ ಸಂಗಮದಿಂದ ಸಿಕಂದರಾಬಾದಿನವರೆಗೆ ಆ ಅಂಕಿ ನನ್ನ ಮೂಗಿನಿಂದ ಎರಡು ಗೇಣು ದೂರದಲ್ಲಿ ಬಟ್ಟಂಬಯಲಾಗಿ ಹೊಳೆಯುತ್ತಿತ್ತು, ನಾನು ನೋಡಿರಲಿಲ್ಲ. ನಿನ್ನೆಯಿಂದ ಅವಳ ಹಣೆಯನ್ನೂ ಸರಿಯಾಗಿ ನೋಡಿರಲಿಲ್ಲ ಎಂಬ ಇನ್ನೊಂದು ಅಪರಾಧವೂ ಜೊತೆಗೇ ಸಾಬೀತಾಯಿತು.

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ. ಕೇಳ್ತೀರೇನಂತ ದಾರಿತುಂಬ ಕಾದೆ."

ಎಂಟಿದ್ದದ್ದು ಹತ್ತೂವರೆ ಹೇಗಾಯಿತು, ನಿಧಾನಕ್ಕೋ, ನಾಲ್ಕನೆಯ ಗೇರಿಗೋ, ಒಂದು ಕ್ಯಾನು ಬಿಟ್ಟು ಬಂದದ್ದಕ್ಕೋ, ಗಾಳಿ ನಮ್ಮ ಬೆನ್ನಿಗಿತ್ತೋ, ನನಗೆ ಇಂದಿಗೂ ಬಗೆಹರಿದಿಲ್ಲ. ಶಶಾಂಕ ಅದನ್ನೇ ವಿವರಿಸಲು ಶುರುಮಾಡಿದ್ದ. ಅಷ್ಟರಲ್ಲಿ ಮೂರನೆಯ ಮಹಡಿ ಬಂತು. ಹೊರಗೆ ಕಾಲಿಡುತ್ತ ವಿಮಲಾ ನನ್ನ ಭುಜ ಹಿಡಿದುಕೊಂಡಳು, ಬೆನ್ನಿಗೆ ಆಸರೆಗಾಗಿ, ಮತ್ತು ಕೇಳಿದಳು:

"ತುಂಗಭದ್ರಾ ಬಂದು ಕೃಷ್ಣಾಕ್ಕ ಕೂಡೋ ಜಾಗ ಇಲ್ಲಿಂದ ಎಷ್ಟು ದೂರ ಆಗ್ತೈತ್ರಿ?"